ಬೂದಿ ಮುಚ್ಚಿದ ಕೆಂಡವನ್ನು ಕಾಡಲ್ಲಿ ಬಿಟ್ಟು ಬರಬೇಡಿ

ಇವರಿಗೆ,
ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್, ಚಾಂಡ್ಲರ್, ಗಿಲ್ಬರ್ಟ್, ಟೆಂಪಿ ಸುತ್ತಮುತ್ತ ನೆಲೆಸಿರುವ ಕನ್ನಡ ಬಂಧುಗಳಿಗೆ,
ಬೇಸಿಗೆಯಲ್ಲಿ ಕ್ಯಾಂಪಿಂಗ್, ಪಿಕ್ನಿಕ್ ಏರ್ಪಡಿಸುವ ಎಲ್ಲ ಗೆಳೆಯರಿಗೆ.

ಮಾನ್ಯರೇ,

ಮಕ್ಕಳಿಗೆ ಬೇಸಿಗೆ ರಜೆ ಶುರುವಾಗಿದೆ. ವಾಟ್ಸ್ಯಾಪ್ ಗುಂಪುಗಳಲ್ಲಿ "ಈ ಸಲ ರಿಮ್‌ಗೆ ಯಾವಾಗ?" ಅನ್ನುವ ಮಾತು ಓಡಾಡುತ್ತಿದೆ. ರಿಮ್ ಅಂದರೆ ಮಗಿಯೋನ್ ರಿಮ್, ಪೈನ್ ಕಾಡಿರುವ ಎತ್ತರದ ಬೆಟ್ಟದಂಚು. ನಮ್ಮ ಮನೆಯಲ್ಲೂ ಅದೇ ಮಾತು. ಟೆಂಟ್ ಕಟ್ಟಿಕೊಂಡು ಹೊರಡುವ ಮುಂಚೆ ಈ ಪತ್ರವನ್ನು ಒಮ್ಮೆ ಓದಿ ಅಂತ ಕೇಳಿಕೊಳ್ಳುತ್ತೇನೆ.

ಕಳೆದ ವರ್ಷ ಜೂನ್‌ನಲ್ಲಿ ನಾನು ಕಣ್ಣಾರೆ ಕಂಡಿದ್ದನ್ನು ಮೊದಲು ಹೇಳುತ್ತೇನೆ.

ಮಗಿಯೋನ್ ರಿಮ್ ಮೇಲೆ, ಅರಣ್ಯದ ಮಣ್ಣಿನ ರಸ್ತೆಯೊಂದರ ಪಕ್ಕ ನಾವು ಟೆಂಟ್ ಹಾಕಿದ್ದೆವು. ಅದು ಕಾಸು ಕೊಟ್ಟು ಬುಕ್ ಮಾಡುವ ಕ್ಯಾಂಪ್‌ಗ್ರೌಂಡ್ ಅಲ್ಲ. ನಲ್ಲಿ ಇಲ್ಲ, ಬೆಂಚು ಇಲ್ಲ, ಬೆಂಕಿ ಹರಡದ ಹಾಗೆ ಸುತ್ತ ಇಡುವ ಕಬ್ಬಿಣದ ಬಳೆಯೂ ಇಲ್ಲ. ಸುತ್ತ ಪಾಂಡರೋಸಾ ಪೈನ್ ಮರಗಳು, ಕೆಳಗೆ ಒಣಗಿದ ಸೂಜಿ ಎಲೆಗಳ ಹಾಸು. ಆ ವಾರ ಬೆಂಕಿ ನಿರ್ಬಂಧದ ಮೊದಲ ಹಂತ ಜಾರಿಯಲ್ಲಿತ್ತು. ಅಂದರೆ ಇಲಾಖೆಯವರೇ ಬಳೆ ಹಾಕಿಕೊಟ್ಟ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಮಾತ್ರ ಸೌದೆ ಹಚ್ಚಬಹುದು, ಬೇರೆಲ್ಲೂ ಹಚ್ಚುವಂತಿಲ್ಲ. ರಸ್ತೆ ಬಾಯಲ್ಲೇ ಬೋರ್ಡ್ ಇತ್ತು.

ಸಂಜೆ ಹೊತ್ತಿಗೆ ನಮ್ಮಿಂದ ನೂರಡಿ ಆಚೆ ನಾಲ್ಕೈದು ಕುಟುಂಬಗಳು ಬಂದಿಳಿದವು. ಕನ್ನಡ ಮಾತು ಕೇಳಿ ನನಗೆ ಖುಷಿಯೋ ಖುಷಿ. ಆದರೆ ಕತ್ತಲಾಗುತ್ತಿದ್ದ ಹಾಗೆ ಅವರು ಕಲ್ಲು ಜೋಡಿಸಿ ಸೌದೆಗೆ ಬೆಂಕಿ ಹಚ್ಚಿದರು. ನಾನು ಹೋಗಿ ಮೆಲ್ಲಗೆ ವಿಷಯ ಹೇಳಿದೆ. ಅಲ್ಲಿದ್ದ ಹಿರಿಯರೊಬ್ಬರು ಪ್ರೀತಿಯಿಂದಲೇ, "ಬನ್ನಿ ಕೂತ್ಕೊಳ್ಳಿ, ಟೀ ಕುಡೀರಿ" ಅಂದರು. ಒಬ್ಬ ಹುಡುಗ, "ಸಣ್ಣ ಬೆಂಕಿ ಅಲ್ವಾ ಅಕ್ಕ, ನಾವು ನೋಡ್ಕೋತೀವಿ" ಅಂದ. ಅವರಲ್ಲಿ ಯಾರೂ ಕೆಟ್ಟವರಲ್ಲ. ಅದಕ್ಕೇ ಈ ಪತ್ರ ಬರೆಯುವುದು ನನಗೆ ಕಷ್ಟವಾಗುತ್ತಿದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವರು ಹೊರಟರು. ಹೊರಡುವಾಗ ಒಂದು ಬಾಟಲಿ ನೀರು ಸುರಿದು, ಮೇಲೆ ಎರಡು ಬೊಗಸೆ ಮಣ್ಣು ಎಳೆದಿದ್ದನ್ನು ನೋಡಿದೆ. ಮೇಲುನೋಟಕ್ಕೆ ಪೂರ್ತಿ ಆರಿದ ಹಾಗೇ ಕಾಣುತ್ತಿತ್ತು. ನನ್ನ ಗಂಡ ಹತ್ತಿರ ಹೋಗಿ ಅಂಗೈ ಹಿಡಿದರೆ ಕಾವು. ಸಲಿಕೆಯಲ್ಲಿ ಕೆದಕಿದರೆ ಒಳಗೆ ಕೆಂಪು ಕೆಂಡ, ಮುಷ್ಟಿ ಗಾತ್ರದ್ದು. ನಾವು ತಂದಿದ್ದ ಏಳು ಗ್ಯಾಲನ್ ಡ್ರಮ್ ಪೂರ್ತಿ ಸುರಿದೆವು. ಮೊದಲ ಮೂರು ಸಲ ಸುರಿದಾಗಲೂ ಚುಂಯ್ ಅಂತ ಹಬೆ ಎದ್ದಿತು. ಮಧ್ಯಾಹ್ನ ಒಂದರ ಹೊತ್ತಿಗೆ ನೈಋತ್ಯದಿಂದ ಗಾಳಿ ಶುರುವಾಯಿತು. ಟೆಂಟಿನ ಬಟ್ಟೆ ಪಟಪಟ ಬಡಿಯುತ್ತಿತ್ತು. ನಾವು ಆ ದಿನ ಬೇಗ ಹೊರಟಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

'ಬೂದಿ ಮುಚ್ಚಿದ ಕೆಂಡ' ಅನ್ನುವ ಮಾತನ್ನು ನಾವು ಮನುಷ್ಯರ ಬಗ್ಗೆ ಆಡುತ್ತೇವೆ. ಆ ದಿನ ಅದನ್ನು ಕಣ್ಣೆದುರೇ ನೋಡಿದೆ. ಮಣ್ಣು ಮುಚ್ಚಿದರೆ ಕೆಂಡ ಸಾಯುವುದಿಲ್ಲ. ಕಾವು ಹೊರಗೆ ಹೋಗದೆ ಒಳಗೇ ಉಳಿಯುತ್ತದೆ. ನಮ್ಮ ಅಜ್ಜಿಯಂದಿರು ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡುತ್ತಿದ್ದುದು ಯಾಕೆ ಹೇಳಿ? ಬೆಳಿಗ್ಗೆ ಮತ್ತೆ ಊದಿ ಹೊತ್ತಿಸುವುದಕ್ಕೆ ತಾನೆ? ಕಾಡಿನಲ್ಲಿ ಆ ಊದುವ ಕೆಲಸವನ್ನು ಗಾಳಿ ಮಾಡುತ್ತದೆ.

ಆ ಹುಡುಗನ ಮೇಲೆ ದೂರು ಹೇಳುವ ಮುಂಚೆ ನನ್ನದೂ ಹೇಳಿಬಿಡುತ್ತೇನೆ. ಈ ಊರಿಗೆ ಬಂದ ಮೊದಲ ವರ್ಷ ನಾವೂ ಹೀಗೇ ಮಣ್ಣೆಳೆದು ಬಂದಿದ್ದೆವು. ನಾನು ತೀರ್ಥಹಳ್ಳಿ ಕಡೆಯವಳು. ಬೇಸಿಗೆಗೆ ಮುಂಚೆ ಕಾಡಂಚಿನಲ್ಲಿ ದರಗು ಗುಡಿಸಿ ಬೆಂಕಿ ಗೆರೆ ಮಾಡುವುದನ್ನು ನೋಡುತ್ತಾ ಬೆಳೆದವಳು. ಆದರೂ ಇಲ್ಲಿನ ಒಣಹವೆ ಎಂಥದ್ದು ಅಂತ ಗೊತ್ತಿರಲಿಲ್ಲ. ಯಾರೂ ಹೇಳಲೂ ಇಲ್ಲ. ಅವತ್ತು ಏನೂ ಆಗಲಿಲ್ಲ, ಅದು ನಮ್ಮ ಪುಣ್ಯ ಅಷ್ಟೆ.

ನಾವು ಯಾಕೆ ಅಲ್ಲಿಗೆ ಓಡುತ್ತೇವೆ ಅನ್ನುವುದು ನನಗೂ ಗೊತ್ತು. 2023ರಲ್ಲಿ ಜೂನ್ 30ರಿಂದ ಸತತ 31 ದಿನ ಫೀನಿಕ್ಸ್‌ನಲ್ಲಿ 110 ಡಿಗ್ರಿ ಅಥವಾ ಅದಕ್ಕೂ ಜಾಸ್ತಿ ಬಿಸಿಲಿತ್ತು. ನಮ್ಮೂರಿನ ಲೆಕ್ಕದಲ್ಲಿ 43 ಡಿಗ್ರಿಗೂ ಮೇಲೆ. ಆ ವರ್ಷ ನಾವಿರುವ ಮ್ಯಾರಿಕೋಪಾ ಕೌಂಟಿಯಲ್ಲಿ 645 ಜನ ಸೆಕೆಯ ಕಾರಣಕ್ಕೆ ಸತ್ತರು. ಮಕ್ಕಳನ್ನು ಎಷ್ಟು ದಿನ ಅಂತ ಮನೆಯೊಳಗೆ ಕೂಡಿಹಾಕುವುದು? ಸಾವಿರ ಅಡಿ ಎತ್ತರದ ಈ ಮರುಭೂಮಿಯಿಂದ ಹೆದ್ದಾರಿ 87 ಹಿಡಿದು ಎರಡು ಗಂಟೆ ಓಡಿಸಿದರೆ ಏಳೂವರೆ ಸಾವಿರ ಅಡಿ ಎತ್ತರದಲ್ಲಿರುತ್ತೇವೆ. ಸವಾರೋ ಕಳ್ಳಿಗಳು ಹಿಂದೆ ಉಳಿದು, ಪೇಸನ್ ದಾಟುತ್ತಿದ್ದ ಹಾಗೆ ಪೈನ್ ಕಾಡು ಶುರು. ಬಿಸಿಲಿಗೆ ಕಾದ ಪಾಂಡರೋಸಾ ತೊಗಟೆಗೆ ಮೂಗು ಹಚ್ಚಿದರೆ ವೆನಿಲ್ಲಾ ವಾಸನೆ. ನನ್ನ ಮಗಳು ಪ್ರತಿ ಸಲ ಒಂದು ಮರವನ್ನಾದರೂ ಮೂಸಿ ನೋಡದೆ ವಾಪಸ್ ಬರುವುದಿಲ್ಲ. ರಾತ್ರಿ ಜೂನ್‌ನಲ್ಲೂ ಸ್ವೆಟರ್ ಬೇಕು. ಅಂಥ ಚಳಿಯಲ್ಲಿ ಬೆಂಕಿ ಮುಂದೆ ಕೂರಬೇಕು ಅನ್ನಿಸುವುದು ಸಹಜ.

ಆದರೆ ನಾವು ಹೋಗುವ ಹೊತ್ತೇ ಆ ಕಾಡಿನ ಅತಿ ಕೆಟ್ಟ ಹೊತ್ತು. ಮೇ, ಜೂನ್ ಅಲ್ಲಿ ವರ್ಷದಲ್ಲೇ ಹೆಚ್ಚು ಒಣಗಿರುವ ತಿಂಗಳು. ಮುಂಗಾರು ಮಳೆ ಸಾಮಾನ್ಯವಾಗಿ ಜುಲೈಗೆ ಬರುತ್ತದೆ. ಅಲ್ಲಿಯವರೆಗೆ ಸೂಜಿ ಎಲೆಯ ಹಾಸಿಗೆ ಒಂದು ಕಿಡಿ ಸಾಕು.

ಇದು ಸುಮ್ನೆ ಹೆದರಿಸುವ ಮಾತಲ್ಲ. 2011ರ ಮೇ 29ರಂದು ರಾಜ್ಯದ ಪೂರ್ವದ ಬೆಟ್ಟಗಳಲ್ಲಿ ಇಬ್ಬರು ಸೋದರಸಂಬಂಧಿಗಳು ಕ್ಯಾಂಪ್ ಮಾಡಿದ್ದರು. ಚಾರಣಕ್ಕೆ ಹೊರಡುವ ಮುಂಚೆ ಅವರಲ್ಲೊಬ್ಬರು ಒಂದು ಚಾಕೊಲೇಟ್ ಕಾಗದದಂಥದ್ದನ್ನು ಬೂದಿಗೆ ಹಾಕಿ ನೋಡಿದರು. ಅದು ಕರಗಲಿಲ್ಲ. ಹಾಗಾದರೆ ಬೆಂಕಿ ಆರಿದೆ ಅಂದುಕೊಂಡು ಹೋದರು. ವಾಪಸ್ ಬರುವಷ್ಟರಲ್ಲಿ ಕಾಡು ಹೊತ್ತಿತ್ತು. ಅದೇ ವಾಲೋ ಬೆಂಕಿ, ಅರಿಜೋನಾ ಚರಿತ್ರೆಯಲ್ಲೇ ದೊಡ್ಡದು. ಸುಟ್ಟಿದ್ದು 5,38,000 ಎಕರೆ. ನಮಗೆ ಅಂದಾಜು ಸಿಗಬೇಕು ಅಂದರೆ, ಇಡೀ ಬೆಂಗಳೂರು ನಗರ ಜಿಲ್ಲೆಯ ವಿಸ್ತೀರ್ಣ ಹೆಚ್ಚು ಕಡಿಮೆ ಅಷ್ಟೇ. ಯಲಹಂಕದಿಂದ ಆನೇಕಲ್‌ವರೆಗೆ ಒಂದಿಂಚೂ ಬಿಡದೆ ಅಂತಿಟ್ಟುಕೊಳ್ಳಿ. ಆ ಇಬ್ಬರೂ ತಪ್ಪೊಪ್ಪಿಕೊಂಡರು. 37 ಲಕ್ಷ ಡಾಲರ್ ಪರಿಹಾರ ಕಟ್ಟಬೇಕೆಂದು ನ್ಯಾಯಾಲಯ ಹೇಳಿತು. ಅವರೂ ಕಾಡು ಸುಡಬೇಕು ಅಂತ ಹೋದವರಲ್ಲ. "ನೋಡ್ಕೋತೀವಿ" ಅಂದುಕೊಂಡೇ ಹೋಗಿದ್ದರು.

ಅದಕ್ಕೂ ಒಂಬತ್ತು ವರ್ಷ ಹಿಂದೆ, 2002ರಲ್ಲಿ, ರೋಡಿಯೋ-ಚೆಡಿಸ್ಕಿ ಬೆಂಕಿ. ಎರಡು ಬೆಂಕಿಗಳು ಸೇರಿ 4,68,000 ಎಕರೆ ಸುಟ್ಟವು. ಅದರಲ್ಲಿ ಒಂದನ್ನು ಹಚ್ಚಿದ್ದು ದಾರಿ ತಪ್ಪಿದ ಒಬ್ಬರು, ಮೇಲೆ ಹಾರುತ್ತಿದ್ದ ಟಿವಿ ಹೆಲಿಕಾಪ್ಟರ್‌ಗೆ ತಾನಿಲ್ಲಿದ್ದೇನೆ ಅಂತ ತೋರಿಸುವುದಕ್ಕೆ. ಸುಟ್ಟಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ವೈಟ್ ಮೌಂಟನ್ ಅಪಾಚೆ ಜನರ ನೆಲ. ಮರ ಕೊಯ್ದು ಬದುಕುತ್ತಿದ್ದ ಅವರ ಪಾಲಿಗೆ ಹೋಗಿದ್ದು ಬರೀ ನೆರಳಲ್ಲ, ಅನ್ನ. ನಾವು ವಾರಾಂತ್ಯಕ್ಕೆ ಹೋಗಿ ಬರುವ ಜಾಗದಲ್ಲಿ ತಲೆತಲಾಂತರದಿಂದ ಬದುಕುತ್ತಿರುವವರಿದ್ದಾರೆ. ಫ್ಲ್ಯಾಗ್‌ಸ್ಟಾಫ್ ಮೇಲಿನ ಸ್ಯಾನ್ ಫ್ರಾನ್ಸಿಸ್ಕೋ ಶಿಖರಗಳು ಹೋಪಿ, ನವಾಹೋ ಮೊದಲಾದ ಜನರಿಗೆ ದೇವರ ಬೆಟ್ಟ. ಮಲೆ ಮಹದೇಶ್ವರನ ಬೆಟ್ಟ ಹತ್ತುವಾಗ ಇರುವ ಭಯಭಕ್ತಿ ಅಲ್ಲೂ ಇರಲಿ ಅನ್ನುವುದು ನನ್ನ ಆಸೆ.

ಆ ಬೆಟ್ಟದ ಪೂರ್ವದ ಇಳಿಜಾರಿನಲ್ಲೇ 2010ರ ಜೂನ್ 20ರಂದು ಯಾರೋ ಬಿಟ್ಟುಹೋದ ಕ್ಯಾಂಪ್ ಬೆಂಕಿಯಿಂದ ಷುಲ್ಟ್ಸ್ ಬೆಂಕಿ ಹುಟ್ಟಿತು. 15,000 ಎಕರೆ ಹೋಯಿತು. ಬೆಂಕಿ ಆರಿತು, ಜನ ಉಸಿರು ಬಿಟ್ಟರು. ಸರಿಯಾಗಿ ಒಂದು ತಿಂಗಳಿಗೆ, ಜುಲೈ 20ಕ್ಕೆ, ಜೋರು ಮಳೆ ಬಂತು. ಬೆಂಕಿ ಬಿದ್ದ ಮಣ್ಣಿನ ಮೇಲೆ ಮೇಣ ಸವರಿದ ಹಾಗೆ ಒಂದು ಪದರ ಕೂತಿರುತ್ತದೆ. ನೀರು ಇಂಗುವುದಿಲ್ಲ. ತಡೆಯಲು ಹುಲ್ಲಿಲ್ಲ, ಬೇರಿಲ್ಲ. ಬೂದಿ, ಬಂಡೆ, ಸುಟ್ಟ ದಿಮ್ಮಿ ಎಲ್ಲವನ್ನೂ ಎಳೆದುಕೊಂಡು ಪ್ರವಾಹ ಇಳಿಯಿತು. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕೊಚ್ಚಿಹೋದಳು. ಯಾರೋ ಆರಿಸದೆ ಬಿಟ್ಟ ಒಂದು ಕೆಂಡ, ತಿಂಗಳ ಮೇಲೆ ಒಂದು ಮಗು. ಆ ಕ್ಯಾಂಪ್ ಮಾಡಿದವರಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ.

ಪೇಸನ್ ಹತ್ತಿರದ ಎಲಿಸನ್ ಕ್ರೀಕ್‌ಗೆ ನಿಮ್ಮಲ್ಲಿ ಎಷ್ಟೋ ಜನ ಹೋಗಿರುತ್ತೀರಿ. ತಣ್ಣನೆಯ ನೀರು, ಮಕ್ಕಳು ಆಡುವಂಥ ಗುಂಡಿಗಳು. 2017ರ ಜುಲೈ 15ರಂದು ಅಲ್ಲಿ ಒಂದು ಕುಟುಂಬ ಹುಟ್ಟುಹಬ್ಬ ಮಾಡುತ್ತಿತ್ತು. ಕೆಲವು ಮೈಲಿ ಮೇಲೆ, ಹಿಂದಿನ ತಿಂಗಳಷ್ಟೇ ಸುಟ್ಟಿದ್ದ ಕಾಡಿನ ಮೇಲೆ ಮಳೆ ಸುರಿಯಿತು. ಕಪ್ಪು ನೀರು ಗೋಡೆಯ ಹಾಗೆ ಬಂತು. ಒಂದೇ ಕುಟುಂಬದ ಹತ್ತು ಜನ ಹೋದರು, ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಜುಲೈ ಮೇಲೆ ಮಧ್ಯಾಹ್ನ ಗುಡುಗು ಕೇಳಿದರೆ, ನೀವು ಕೂತ ಜಾಗದಲ್ಲಿ ಎಷ್ಟೇ ಬಿಸಿಲಿದ್ದರೂ ಸರಿ, ಹಳ್ಳದಿಂದ ಮಕ್ಕಳನ್ನು ಮೇಲೆ ಕರೆದುಕೊಂಡು ಬನ್ನಿ. ಟವೆಲ್, ಚಪ್ಪಲಿ, ಡಬ್ಬಿ ಹುಡುಕುತ್ತಾ ನಿಲ್ಲಬೇಡಿ.

ಇನ್ನೊಂದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಬರೆಯಲೇಬೇಕು. 2022ರ ಡಿಸೆಂಬರ್ 26ರಂದು ವುಡ್ಸ್ ಕ್ಯಾನ್ಯನ್ ಲೇಕ್‌ನಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ನಡೆಯುವಾಗ ಮಂಜುಗಡ್ಡೆ ಒಡೆದು ಮೂವರು ತೀರಿಕೊಂಡರು. ಭಾರತದಿಂದ ಬಂದು ಚಾಂಡ್ಲರ್‌ನಲ್ಲಿ ನೆಲೆಸಿದ್ದವರು, ನಮ್ಮ ನಿಮ್ಮ ಹಾಗೇ. ಆ ವಾರ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಸರಿಯಾಗಿ ಊಟ ಸೇರಲಿಲ್ಲ, ನಿಮಗೂ ನೆನಪಿರಬಹುದು. ಅವರದ್ದು ತಪ್ಪು ಅಂತ ನಾನು ಖಂಡಿತ ಹೇಳುತ್ತಿಲ್ಲ. ಹೆಪ್ಪುಗಟ್ಟಿದ ಕೆರೆಯನ್ನು ಕಂಡೇ ಇರದ ನಾಡಿನಿಂದ ಬಂದವರು ನಾವು. ಮೇಲಿನ ಮಂಜು ಎಷ್ಟು ದಪ್ಪ ಅಂತ ನೋಡಿ ಅಂದಾಜು ಮಾಡಲು ನಮಗೆ ಬರುವುದಿಲ್ಲ. ಅರಿಜೋನಾದಲ್ಲಿ ಹಗಲು ಬಿಸಿಲು ಬರುತ್ತದೆ, ಮಂಜು ತೆಳುವಾಗುತ್ತದೆ. ಹಾಗಾಗಿ ಚಳಿಗಾಲದಲ್ಲಿ ಹೋಗುವವರಿಗೆ ಒಂದೇ ಮಾತು: ದಡದಲ್ಲೇ ನಿಂತು ಫೋಟೋ ತೆಗೆದುಕೊಳ್ಳಿ, ಕೆರೆ ಮೇಲೆ ಕಾಲಿಡಬೇಡಿ. ಹೊಸದಾಗಿ ಬಂದ ಕುಟುಂಬಗಳಿಗೆ ಇದನ್ನು ನಾವೇ ಹೇಳಬೇಕು. ಅವರಿಗೆ ಬೇರೆ ಯಾರು ಹೇಳುತ್ತಾರೆ?

ಕೆಂಡದ ವಿಷಯಕ್ಕೆ ವಾಪಸ್ ಬರುತ್ತೇನೆ. ನನ್ನ ಮುಖ್ಯ ದೂರು ಅದೇ.

ದೊಡ್ಡ ಗುಂಪಾಗಿ ಹೋದಾಗ ಬೆಂಕಿಗೆ ಯಾರೂ ವಾರಸುದಾರರಿರುವುದಿಲ್ಲ. ಬಿಸಿಬೇಳೆಬಾತ್ ಯಾರು ತರಬೇಕು, ಪೇಪರ್ ತಟ್ಟೆ ಯಾರು, ಐಸ್ ಯಾರು, ಎಲ್ಲ ಪಟ್ಟಿಯಲ್ಲಿರುತ್ತದೆ. ಬೆಂಕಿ ಆರಿಸುವವರ ಹೆಸರು ಮಾತ್ರ ಇರುವುದಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿರುತ್ತಾರೆ ಅಂದುಕೊಂಡು ಕಾರು ಹತ್ತುತ್ತಾರೆ. ಕಳೆದ ವರ್ಷ ಆಗಿದ್ದೂ ಇದೇ ಇರಬೇಕು.

ಆದ್ದರಿಂದ ಪ್ರವಾಸ ಏರ್ಪಡಿಸುವವರಲ್ಲಿ ನನ್ನ ಮೊದಲ ವಿನಂತಿ: ಪಟ್ಟಿಯಲ್ಲಿ ಒಬ್ಬರ ಹೆಸರು ಬೆಂಕಿಗೂ ಬರೆಯಿರಿ. ಹಚ್ಚುವವರು ಅವರೇ, ಆರಿಸುವವರು ಅವರೇ, ಕೊನೆಯ ಕಾರು ಅವರದ್ದೇ. ಆಹ್ವಾನದ ಸಂದೇಶದಲ್ಲೇ, ಹೋಗುತ್ತಿರುವ ಅರಣ್ಯ ಯಾವುದು, ಅಲ್ಲಿ ಈಗ ನಿರ್ಬಂಧ ಯಾವ ಹಂತದಲ್ಲಿದೆ ಅಂತ ಒಂದು ಸಾಲು ಹಾಕಿ. ಟೊಂಟೊ, ಕೋಕೊನಿನೋ, ಅಪಾಚೆ-ಸಿಟ್‌ಗ್ರೀವ್ಸ್ ಮೂರೂ ಬೇರೆ ಬೇರೆ ಅರಣ್ಯಗಳು. ಪೇಸನ್‌ನಿಂದ ಒಂದು ಗಂಟೆಯೊಳಗೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಕಾಲಿಟ್ಟಿರುತ್ತೀರಿ, ನಿಯಮವೂ ಬದಲಾಗಿರಬಹುದು. ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ. ಎರಡನೇ ಹಂತ ಬಂದಿದ್ದರೆ ಕ್ಯಾಂಪ್‌ಗ್ರೌಂಡ್ ಒಳಗಿನ ಬಳೆಯಲ್ಲೂ ಸೌದೆ ಹಚ್ಚುವಂತಿಲ್ಲ. 2021ರ ಜೂನ್‌ನಲ್ಲಿ ಕೋಕೊನಿನೋ ಅರಣ್ಯಕ್ಕೆ ಯಾರೂ ಕಾಲಿಡದ ಹಾಗೆ ಪೂರ್ತಿ ಬೀಗ ಹಾಕಿದ್ದರು. ಹಾಗಾದಾಗ "ನಾವು ಆರು ತಿಂಗಳ ಹಿಂದೆಯೇ ಬುಕ್ ಮಾಡಿದ್ದೀವಲ್ಲ" ಅಂತ ಅಲ್ಲಿರುವ ಸಿಬ್ಬಂದಿ ಮೇಲೆ ರೇಗಬೇಡಿ.

ಅಡುಗೆಗೆ ತೊಂದರೆಯೇನಿಲ್ಲ. ತಿರುಗಿಸಿ ಆರಿಸಬಹುದಾದ ಗ್ಯಾಸ್ ಸ್ಟೋವ್‌ಗೆ ಸಾಮಾನ್ಯವಾಗಿ ಎರಡನೇ ಹಂತದಲ್ಲೂ ಅವಕಾಶ ಇರುತ್ತದೆ, ಸುತ್ತ ಮೂರಡಿ ಒಣ ಎಲೆ ಗುಡಿಸಿಕೊಂಡರೆ ಆಯಿತು. ಉಪ್ಪಿಟ್ಟು, ಟೀ, ಮ್ಯಾಗಿ ಎಲ್ಲ ಅದರಲ್ಲೇ ಆಗುತ್ತದೆ. ನಾವು ಹಾಗೇ ಮಾಡುತ್ತಿದ್ದೇವೆ. ಬೆಂಕಿಯ ಮುಂದೆ ಅಂತ್ಯಾಕ್ಷರಿ ಆಡಬೇಕು ಅನ್ನುವವರು ಮಳೆ ಮುಗಿದ ಮೇಲೆ, ಸೆಪ್ಟೆಂಬರ್ ಕೊನೆಗೆ ಹೋಗಿ. ನಿರ್ಬಂಧ ಸಾಮಾನ್ಯವಾಗಿ ತೆಗೆದಿರುತ್ತಾರೆ, ಆಸ್ಪೆನ್ ಎಲೆಗಳೂ ಹಳದಿಗೆ ತಿರುಗುತ್ತಿರುತ್ತವೆ. ಜೂನ್‌ಗಿಂತ ಚೆಂದ.

ಬೆಂಕಿಗೆ ಅನುಮತಿ ಇದ್ದಾಗಲೂ ಆರಿಸುವುದಕ್ಕೆಂದೇ ಬೇರೆ ನೀರು ಇಟ್ಟುಕೊಳ್ಳಿ, ಕುಡಿಯುವ ನೀರಿನಲ್ಲಿ ಉಳಿದಿದ್ದಲ್ಲ. ಜೊತೆಗೆ ಒಂದು ಸಲಿಕೆ. ಸುರಿಯಿರಿ, ಕಲಸಿ, ಮತ್ತೆ ಸುರಿಯಿರಿ. ದೋಸೆ ಹಿಟ್ಟಿನ ಹದಕ್ಕೆ ಬರಬೇಕು ಆ ಬೂದಿ. ಆಮೇಲೆ ಕೈ ಹಿಂಬದಿಯನ್ನು ಹತ್ತಿರ ಹಿಡಿದು ನೋಡಿ. ಸ್ವಲ್ಪ ಬೆಚ್ಚಗಿದ್ದರೂ ಹೊರಡಬೇಡಿ. ಈ ಕೆಲಸವನ್ನು ಮಕ್ಕಳಿಗೆ ಕೊಡಿ. ನಮ್ಮನೆಯಲ್ಲಿ ಈಗ ಮಗಳೇ ಮುಟ್ಟಿ ನೋಡಿ 'ಆಯ್ತು' ಅನ್ನುವವರೆಗೆ ಕಾರು ಹೊರಡುವುದಿಲ್ಲ.

ಕಾರಿನದ್ದೂ ಒಂದು ಮಾತು. ಹೆದ್ದಾರಿ 87ರಲ್ಲಿ ಹೋಗುವಾಗ ಸುಟ್ಟು ಕಪ್ಪಾದ ಸವಾರೋಗಳು ಕಾಣುತ್ತವಲ್ಲ, ಅದು 2020ರ ಬುಷ್ ಬೆಂಕಿಯ ಗುರುತು. ಹೊತ್ತಿಕೊಂಡ ಒಂದು ವಾಹನದಿಂದ ಶುರುವಾಗಿ 1,93,000 ಎಕರೆ ತೆಗೆದುಕೊಂಡಿತು. ಸವಾರೋ ಒಂದು ಕೈ ಚಾಚುವುದಕ್ಕೇ ಐವತ್ತು, ಎಪ್ಪತ್ತು ವರ್ಷ ಬೇಕು. ಒಣ ಹುಲ್ಲಿನ ಮೇಲೆ ಕಾರು ನಿಲ್ಲಿಸಬೇಡಿ, ಕೆಳಗಿನ ಹೊಗೆ ಕೊಳವೆಯ ಕಾವೇ ಸಾಕು. ಟ್ರೇಲರ್ ಸರಪಳಿ ನೆಲಕ್ಕೆ ಉಜ್ಜದ ಹಾಗೆ ನೋಡಿಕೊಳ್ಳಿ.

ಕಸ ಮತ್ತು ಗಲಾಟೆ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ರಾತ್ರಿ ಹತ್ತರ ಮೇಲೆ ಸ್ಪೀಕರ್ ಬೇಡ. ತೆಂಗಿನಕಾಯಿ ಚಿಪ್ಪು, ಕಿತ್ತಳೆ ಸಿಪ್ಪೆ ಮಣ್ಣಲ್ಲಿ ಕರಗುತ್ತದೆ ಅಂತ ಎಸೆಯಬೇಡಿ. ಆ ಒಣ ನೆಲದಲ್ಲಿ ಅಷ್ಟು ಬೇಗ ಕರಗುವುದಿಲ್ಲ, ವಾಸನೆಗೆ ಕರಡಿ ಬರುತ್ತದೆ. ಊಟದ ಡಬ್ಬಿಗಳು ರಾತ್ರಿ ಟೆಂಟಿನಲ್ಲಿ ಬೇಡ, ಕಾರಿನಲ್ಲಿರಲಿ.

ನಲ್ಲಿ ತಿರುಗಿಸಿದಾಗ ನಮ್ಮ ಮನೆಗೆ ಬರುವ ನೀರಿನಲ್ಲೂ ಈ ಕಾಡಿನ ಪಾಲಿದೆ. ಸಾಲ್ಟ್ ಮತ್ತು ವರ್ಡೆ ನದಿಗಳ ಜಲಾನಯನ ಕಾಯುವುದಕ್ಕೆಂದೇ 1905ರಲ್ಲಿ ಟೊಂಟೊ ಅರಣ್ಯ ಮಾಡಿದರು. ಸಾಲ್ಟ್ ನದಿಗೆ ಕಟ್ಟಿದ ರೂಸ್‌ವೆಲ್ಟ್ ಅಣೆಕಟ್ಟು ಮುಗಿದದ್ದು 1911ರಲ್ಲಿ, ಅತ್ತ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದ ವರ್ಷವೇ. ಮೇಲೆ ಕಾಡು ಸುಟ್ಟರೆ ಬೂದಿ ಇಳಿದು ಬರುವುದು ಆ ಜಲಾಶಯಗಳಿಗೇ. ಕಾವೇರಿ ನೀರು ಕುಡಿದು ಬೆಳೆದವರಿಗೆ ತಲಕಾವೇರಿಯ ಕಾಡು ಯಾಕೆ ಬೇಕು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕೊನೆಯ ವಿನಂತಿ ನಮ್ಮ ನಮ್ಮಲ್ಲಿನ ನಡವಳಿಕೆಯದ್ದು. ಪಕ್ಕದ ಟೆಂಟಿನವರು ಬಂದು "ಈ ವಾರ ಬೆಂಕಿ ಹಾಕೋ ಹಾಗಿಲ್ಲ" ಅಂದರೆ ಅವಮಾನ ಅಂದುಕೊಳ್ಳಬೇಡಿ. ನೋಡಿದವರು ಸುಮ್ಮನಿರಬೇಡಿ. ಅವತ್ತು ರಾತ್ರಿ ನಾನು ಒಂದು ಸಲ ಹೇಳಿ, ಟೀ ಕುಡಿದು, ಸಂಕೋಚದಿಂದ ವಾಪಸ್ ಬಂದೆ. ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಿತ್ತು. ಆರಿಸಲು ನಾನೂ ಕೈ ಹಾಕುತ್ತೇನೆ ಬನ್ನಿ ಅನ್ನಬೇಕಿತ್ತು. ಆ ಗುಂಪಿನವರು ಈ ಪತ್ರ ಓದುತ್ತಿದ್ದರೆ, ನನಗೆ ನಿಮ್ಮ ಮೇಲೆ ಕೋಪವಿಲ್ಲ. ನಿಮ್ಮ ಕೆಂಡ ಆರಿದೆ, ಅದನ್ನು ನಾವು ಮುಟ್ಟಿ ನೋಡಿದ್ದೇವೆ.

ಈ ವರ್ಷವೂ ಜೂನ್ ಎರಡನೇ ವಾರ ನಾವು ಅದೇ ರಸ್ತೆಯಲ್ಲಿರುತ್ತೇವೆ. ಕಾರಿನಲ್ಲಿ ಎರಡು ಸಲಿಕೆ, ಎರಡು ಡ್ರಮ್ ನೀರು ಇರುತ್ತದೆ. ಒಂದು ಜೊತೆ ನಮಗೆ, ಇನ್ನೊಂದು ಬೇಕಾದವರಿಗೆ. ಹಸಿರು ಟೆಂಟ್, ಪಕ್ಕದಲ್ಲಿ ಗ್ಯಾಸ್ ಸ್ಟೋವ್ ಮೇಲೆ ಟೀ. ಬನ್ನಿ, ಈ ಸಲ ಟೀ ನಮ್ಮ ಕಡೆಯಿಂದ.

ಇಂತಿ,
ನಿಮ್ಮ ಊರಿನವಳೇ ಆದ ಒಬ್ಬ ಕನ್ನಡತಿ,
ಚಾಂಡ್ಲರ್, ಅರಿಜೋನಾ